ನಾಲ್ಕಾದ ಮೇಲೆ ಹದಿನೈದು

“ದಿನಾ ಎರಡು ಹೊತ್ತೂ ಮೂವತ್ತು ಸಲ ಕಾಲು ಎತ್ತುತ್ತಿದ್ದೀರಾ ಅಮ್ಮಾ? ನಿಜ ಹೇಳಿ.”

ವ್ಯಾಯಾಮ ಹೇಳಿಕೊಡುವ ಉಮಾಶಂಕರ್ ಸಾರ್ ಹಾಗೆ ಕೇಳಿದ್ದು ಅಮ್ಮನನ್ನು. ಬೆವರಿದ್ದು ಮಾತ್ರ ಐದನೇ ಕ್ಲಾಸಿನ ಚಂದನ.

“ದೇವರಾಣೆ ಸಾರ್. ಬೆಳಿಗ್ಗೆ ಮೂವತ್ತು, ಸಾಯಂಕಾಲ ಮೂವತ್ತು. ಇವಳೇ ಎಣಿಸೋದು,” ಎಂದು ಅಮ್ಮ ಹೆಮ್ಮೆಯಿಂದ ಮಗಳ ಕೈ ಹಿಡಿದಳು.

ಕೋಲಾರದ ಆ ಫಿಸಿಯೋಥೆರಪಿ ಕೋಣೆಯಲ್ಲಿ ಅಮ್ಮ ಎತ್ತರದ ಮಂಚದ ಮೇಲೆ ಬಲಮಗ್ಗುಲಾಗಿ ಮಲಗಿದ್ದಳು. ಅವಳ ಎಡತೊಡೆಯ ಮೂಳೆಯಲ್ಲಿ ಗಡ್ಡೆ ಬೆಳೆದಿತ್ತು. ಐದು ತಿಂಗಳ ಹಿಂದೆ ಡಾಕ್ಟರು ಮೂಳೆಯ ಮೇಲ್ಭಾಗವನ್ನೇ ತೆಗೆದು ಲೋಹದ ಮೂಳೆ ಕೂರಿಸಿದ್ದರು. ಸುತ್ತಲಿನ ಸ್ನಾಯುಗಳನ್ನು ಅದಕ್ಕೇ ಸೇರಿಸಿ ಹೊಲಿದಿದ್ದರು. ಮೊದಮೊದಲು ಕಾಲನ್ನು ಪಕ್ಕಕ್ಕೆ ಎತ್ತಲೇಬಾರದು ಎಂದಿದ್ದವರು, ಒಂದು ತಿಂಗಳಿಂದ ಎತ್ತಲೇಬೇಕು ಎನ್ನುತ್ತಿದ್ದರು.

“ಎಲ್ಲಿ, ಒಂದು ಸಲ ಎತ್ತಿ.”

ಅಮ್ಮ ಹಲ್ಲು ಕಚ್ಚಿದಳು. ಎಡಗಾಲು ಒಂದು ಗೇಣು ಮೇಲೆ ಹೋಗಿ, ಗಡಗಡ ನಡುಗಿ, ದೊಪ್ಪನೆ ದಿಂಬಿನ ಮೇಲೆ ಬಿತ್ತು. ಸಾರ್ ಮುಖ ಗಂಟಿಕ್ಕಿದರು.

“ಇಷ್ಟು ಮಾಡಿಯೂ ಬಲ ಬಂದಿಲ್ಲ ಅಂದ್ರೆ ಸ್ನಾಯು ಸರಿಯಾಗಿ ಕೂಡ್ಕೊಂಡಿಲ್ವೇನೋ. ದೊಡ್ಡ ಡಾಕ್ಟರಿಗೆ ತೋರಿಸೋಣ. ಮತ್ತೆ ಓಪನ್ ಮಾಡಿ ನೋಡ್ಬೇಕಾಗಬಹುದು.”

ಅಮ್ಮನ ಮುಖ ಬಾಡಿಹೋಯಿತು. ಅವಳ ಊರು ಮುಳಬಾಗಿಲಿನಲ್ಲಿ ಮುನಿಯಲ್ಲಮ್ಮ ಟೈಲರ್ ಎಂದರೆ ಯಾರಿಗೆ ಗೊತ್ತಿಲ್ಲ? ಐದು ತಿಂಗಳಿಂದ ಅವಳ ಮೆಷೀನಿಗೆ ಬಟ್ಟೆ ಹೊದಿಸಿಟ್ಟಿತ್ತು. “ಎರಡು ಕೈಯಲ್ಲೂ ವಾಕರ್ ಹಿಡ್ಕೊಂಡ್ರೆ ಅಳತೆ ಟೇಪು ಯಾರು ಹಿಡೀತಾರೆ?” ಎಂದು ದಿನವೂ ಪೇಚಾಡುತ್ತಿದ್ದಳು.

ಚಂದನಳ ಗುಟ್ಟನ್ನು ಇನ್ನು ಹೇಳಿಯೇಬಿಡೋಣ.

ಮೊದಲ ದಿನ ಕಾಲೆತ್ತುವಾಗ ಅಮ್ಮ “ಅಯ್ಯಮ್ಮಾ!” ಎಂದು ಸೆರಗು ಕಚ್ಚಿಕೊಂಡಿದ್ದಳು. ಒಳಗಿನ ಹೊಲಿಗೆ ಬಿಟ್ಟುಹೋದರೆ ಎಂದು ಚಂದನ ಹೆದರಿದಳು. ಟೈಲರ್ ಮಗಳಿಗೆ ಹೊಲಿಗೆ ಕಿತ್ತುಹೋಗುವುದು ಗೊತ್ತಿಲ್ಲವೇ? ಹೋದ ವರ್ಷ ಒಬ್ಬ ದಪ್ಪನೆಯ ಆಂಟಿ ಹಟ ಮಾಡಿ ಬ್ಲೌಸ್ ಟೈಟಾಗಿ ಹೊಲಿಸಿಕೊಂಡು, ಕನ್ನಡಿ ಮುಂದೆ ಕೈ ಎತ್ತಿದ್ದೇ ತಡ, ಕಂಕುಳ ಹತ್ತಿರ ಪರ್ ಎಂದಿತ್ತು! ಕೈ ಎತ್ತಿದರೆ ಮೆಷೀನ್ ಹೊಲಿಗೆಯೇ ಹೋಗುತ್ತದೆ. ಕಾಲು ಎತ್ತಿದರೆ ಡಾಕ್ಟರ ಕೈಹೊಲಿಗೆ ಉಳಿಯುತ್ತದೆಯೇ?

ಅದಕ್ಕೇ ಅವಳು ಎಣಿಸತೊಡಗಿದಳು: “ಒಂದು, ಎರಡು, ಮೂರು, ನಾಲ್ಕು, ಹದಿನೈದು...”

ನೋವಿನಲ್ಲಿ ಕಣ್ಣು ಮುಚ್ಚಿದ್ದ ಅಮ್ಮನಿಗೆ ಕೇಳಿಸಿದ್ದು ‘ಐದು’ ಮಾತ್ರ. ಮತ್ತೆ ಹದಿನೆಂಟಾದ ಮೇಲೆ ಇಪ್ಪತ್ತೊಂಬತ್ತು. ಮೂವತ್ತು ಎನ್ನುವುದು ಹತ್ತರಲ್ಲೇ ಮುಗಿಯುತ್ತಿತ್ತು. “ಆಗ್ಲೇ ಆಯ್ತಾ?” ಎಂದು ಅಮ್ಮ ನಕ್ಕಾಗ ಚಂದನಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಈಗ ಏನು ಮಾಡುವುದು? ಹೇಳಿದರೆ ಬೈಗುಳ ಗ್ಯಾರಂಟಿ. ಹೇಳದಿದ್ದರೆ ಅಮ್ಮನ ಕಾಲನ್ನು ಮತ್ತೆ ಕುಯ್ದರೆ?

“ಸಾರ್, ನಾನು ಎಣಿಸಿದ್ದು ಸುಳ್ಳು!”

ಅಳುತ್ತಲೇ ಎಲ್ಲವನ್ನೂ ಹೇಳಿದಳು, ಆ ಆಂಟಿಯ ಬ್ಲೌಸಿನ ಕತೆಯನ್ನೂ ಬಿಡಲಿಲ್ಲ. ಸಾರ್ ನಗು ತಡೆಯಲು ಕೆಮ್ಮಿದರು. ಅಮ್ಮ ನಗಲಿಲ್ಲ.

“ಅದಕ್ಕೇ ಅಷ್ಟು ಬೇಗ ಮುಗೀತಿತ್ತಾ? ನಾನು, ಶಕ್ತಿ ಬರ್ತಾ ಇದೆ ಅಂದ್ಕೊಂಡಿದ್ದೆ ಕಣೇ.”

ಎರಡು ಏಟು ಕೊಟ್ಟಿದ್ದರೂ ಚಂದನಳಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳ ಅಳು ಇನ್ನೂ ಜೋರಾಯಿತು. ಅಮ್ಮ ಕೈ ಚಾಚಿ ಅವಳನ್ನು ಎದೆಗೆ ಎಳೆದುಕೊಂಡಳು. “ನಾ ತಲ್ಲಿ, ನನ್ನ ತಾಯಿ, ನನ್ನ ಬಂಗಾರ, ಅಳಬೇಡ.”

“ನೋಡು ಪುಟ್ಟಾ,” ಎಂದರು ಸಾರ್. “ಬಟ್ಟೆ ಬೆಳೆಯಲ್ಲ, ಮೈ ಬೆಳೆಯುತ್ತೆ. ದಾರದ ಕೆಲಸ ಆಗ್ಲೇ ಮುಗಿದಿದೆ. ಈಗ ಕೆಲಸ ಕೊಟ್ಟಷ್ಟೂ ಸ್ನಾಯು ಗಟ್ಟಿಯಾಗುತ್ತೆ, ಸುಮ್ನೆ ಬಿಟ್ರೆ ಸೊರಗುತ್ತೆ. ಈ ವಾರ ಹದಿನೈದು ಮಾಡಿ, ಆಮೇಲೆ ನಿಧಾನಕ್ಕೆ ಮೂವತ್ತು. ಸುಸ್ತಾದ್ರೆ ಮಧ್ಯೆ ನಿಲ್ಸಿ ಉಸಿರಾಡಿ. ಒಂದು ತಿಂಗಳು ನೋಡಿ ಡಾಕ್ಟರನ್ನ ಕೇಳೋಣ.”

ಮರುದಿನ ಬೆಳಿಗ್ಗೆ ಅಮ್ಮ ಮಂಚದ ಮೇಲೆ ಮಗ್ಗುಲಾದಳು. ಸ್ಕೂಲ್ ಯೂನಿಫಾರ್ಮಿನಲ್ಲೇ ಚಂದನ ಪಕ್ಕದಲ್ಲಿ ಕುಳಿತಳು. ಹಿಪ್ಪುನೇರಳೆ ತೋಟಕ್ಕೆ ಹೊರಟಿದ್ದ ಅಪ್ಪ ಬಾಗಿಲಲ್ಲೇ ನಿಂತರು.

“ಮೂರು. ನಾಲ್ಕು.”

ಅಮ್ಮನ ಕಾಲು ನಡುಗುತ್ತಿತ್ತು. ಹಣೆಯ ಮೇಲೆ ಬೆವರು. ಚಂದನಳ ನಾಲಿಗೆ ಅಭ್ಯಾಸಬಲದಿಂದ ಹದಿನೈದರ ಕಡೆಗೇ ಹೊರಳಿತು.

“ಐದು.”

ಹತ್ತಕ್ಕೆ ಬರುವಷ್ಟರಲ್ಲಿ ಅಮ್ಮ ಸೋತುಹೋದಳು. “ಚಂದೂ, ಇವತ್ತಿಗೆ ಸಾಕು ಕಣೇ. ಆಗಲ್ಲ.”

“ಉಸಿರಾಡಮ್ಮಾ. ನಾನು ಕಾಯ್ತೀನಿ.”

ಅಮ್ಮ ಕಣ್ಣು ತೆರೆದು ಮಗಳನ್ನು ನೋಡಿದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಕಾಲೆತ್ತಿದಳು.

“ಹನ್ನೊಂದು,” ಎಂದಳು ಚಂದನ. ಹದಿಮೂರಕ್ಕೆ ಅವಳ ಕಣ್ಣಲ್ಲೂ ನೀರು. ಆದರೂ ಹದಿನಾಲ್ಕು ಬಂತು. ಅದಾದ ಮೇಲೇ ಹದಿನೈದು.

ಅಪ್ಪನಿಗೆ ನೋಡಲಾಗಲಿಲ್ಲ. “ನೀನ್ಯಾಕೆ ಅಳ್ಬೇಕು ಮಗಾ? ನಾಳೆಯಿಂದ ನಾನು ಎಣಿಸ್ತೀನಿ ಬಿಡು.”

ಚಂದನ ಯೂನಿಫಾರ್ಮಿನ ತೋಳಿನಿಂದ ಕಣ್ಣೊರೆಸಿಕೊಂಡಳು.

“ಬೇಡಪ್ಪಾ. ನೀನು ಪಾಪ ಅಂತ ಮಧ್ಯದ ನಂಬರ್ ಬಿಟ್ಬಿಡ್ತೀಯ. ನಾನೇ ಎಣಿಸ್ತೀನಿ.”