ಕಲ್ಲಾದ ಮೇಳ, ಮೂರು ಮುಖವಾಡ

ಬಹಳ ಬಹಳ ಹಿಂದೆ, ಗ್ರೀಕರ ಕಡಲ ತೀರದಲ್ಲಿ ಆಲಿವ್ ಮರಗಳ ಒಂದು ರಾಜ್ಯವಿತ್ತು. ಅಲ್ಲಿ ಗುಡ್ಡವನ್ನೇ ಕಡಿದು ಅರ್ಧಚಂದ್ರದಂತೆ ಮೆಟ್ಟಿಲು ಮಾಡಿದ್ದರು. ವಸಂತ ಬಂದರೆ ಊರಿಗೆ ಊರೇ ಆ ಮೆಟ್ಟಿಲ ಮೇಲೆ ಕೂರುತ್ತಿತ್ತು. ಕೆಳಗಿನ ಅಂಗಳದಲ್ಲಿ ಹದಿನೈದು ಮಂದಿಯ ಮೇಳ ಒಂದೇ ದನಿಯಲ್ಲಿ ದೇವರ ಕತೆ ಹಾಡುತ್ತಿತ್ತು. ಒಬ್ಬನೇ ಮುಂದೆ ಬಂದು ಮಾತಾಡಬಹುದೆಂದು ಆಗಿನ್ನೂ ಯಾರಿಗೂ ಹೊಳೆದಿರಲಿಲ್ಲ.

ಒಂದು ವಸಂತದಲ್ಲಿ ಡ್ರಾಕಸ್ ಎಂಬ ಮಾಂತ್ರಿಕ ಎರಡು ತಲೆಯ ಸಿಂಹದೊಡನೆ ಬಂದ. ಹಾಡು ಕೇಳಿದರೆ ಅವನಿಗೆ ತಲೆನೋವು. ಒಮ್ಮೆ ಉಫ್ ಎಂದು ಊದಿದ. ಹದಿನಾಲ್ಕು ಮಂದಿ ನಿಂತಲ್ಲೇ ಕಲ್ಲಾದರು. ಜನ ಓಡಿಹೋಗಿ ಆಲಿವ್ ತೋಪಿನಲ್ಲಿ ಅಡಗಿದರು. ಅಂಗಳದ ಹಿಂದಿನ ಡೇರೆಯೊಳಗೆ ಚಪ್ಪಲಿಯ ಬಾರು ಕಟ್ಟುತ್ತಿದ್ದ ಹುಡುಗ ನಿಕಾನ್ ಒಬ್ಬನೇ ಮೇಳದಲ್ಲಿ ಉಳಿದ. ಕಲ್ಲಾದವರಲ್ಲಿ ಅವನ ತಂದೆಯೂ ಇದ್ದ.

ಡ್ರಾಕಸ್ ಮುಂದಿನ ಸಾಲಿನ ಅರಸನ ಆಸನದಲ್ಲಿ ಕಾಲು ಚಾಚಿ ಕೂತ. ಡೇರೆಯಿಂದ ಹೊರಬಂದ ನಿಕಾನ್ ಅವನ ಕಣ್ಣಿಗೆ ಬಿದ್ದ.

“ಒಬ್ಬನೇ ಏನು ಹಾಡುತ್ತೀಯೋ, ಮರಿ?”

“ಹಾಡುವುದಿಲ್ಲ. ಮಾತಾಡಿಯೇ ನಿನ್ನನ್ನು ಆ ಆಸನದಿಂದ ಎಬ್ಬಿಸುತ್ತೇನೆ.”

ಮಾಂತ್ರಿಕ ಗಹಗಹಿಸಿ ನಕ್ಕ. “ಸೂರ್ಯ ಮುಳುಗುವುದರೊಳಗೆ ನಾನು ಎದ್ದರೆ ನನ್ನ ಮಂತ್ರವೆಲ್ಲ ಮುರಿಯಲಿ! ಏಳದಿದ್ದರೆ ನೀನೇ ಹದಿನೈದನೆಯ ಕಲ್ಲು.”

ನಿಕಾನ್ ಡೇರೆಯಲ್ಲಿದ್ದ ಅಕ್ಕ ಮೆಲಿಟಾಳನ್ನು ಕೂಗಿದ. ಅವಳು ಮೇಳದ ಉಡುಪು ಹೊಲಿಯುವವಳು.

“ಅಕ್ಕ, ಮೂರು ಮುಖ ಬೇಕು.”

“ಇರುವ ಒಂದನ್ನೇ ನೆಟ್ಟಗೆ ತೊಳೆಯೋದಿಲ್ಲ, ಇವನಿಗೆ ಮೂರು ಬೇಕಂತೆ!” ಎಂದು ಗೊಣಗುತ್ತಲೇ ಅವಳು ನಾರುಬಟ್ಟೆಗೆ ಅಂಟು ಬಳಿದು, ಒಣಗಿಸಿ, ಬಣ್ಣ ಹಚ್ಚಿದಳು. ಎಲ್ಲವೂ ಮಾಂತ್ರಿಕನ ಕಣ್ಣೆದುರಿಗೇ.

“ಬರೀ ಬಟ್ಟೆ, ಅಂಟು!” ಎಂದು ಅವನು ಆಕಳಿಸಿದ.

ಮೊದಲು ನಿಕಾನ್ ಅರಸನಾಗಿ ಬಂದ. “ಏಯ್, ಅದು ನನ್ನ ಆಸನ!” ಅವನ ದನಿ ಕಟ್ಟಕಡೆಯ ಮೆಟ್ಟಿಲಿಗೂ ಮುಟ್ಟಿತು. ಸಿಂಹ ಎರಡೂ ತಲೆ ತಗ್ಗಿಸಿತು. ಮಾಂತ್ರಿಕ ಏಳಲಿಲ್ಲ.

ಎರಡನೆಯ ಸಲ ಮುದಿ ತಾಯಿಯಾಗಿ ಬಂದ. ತಂದೆಯ ಕಲ್ಲುಗಲ್ಲ ಸವರಿ, “ಗಂಜಿ ಆರಿಹೋಯಿತು, ಮನೆಗೆ ಬಾರಪ್ಪ” ಎಂದ. ಮಾಂತ್ರಿಕ ಕಣ್ಣೊರೆಸಿಕೊಂಡ. “ಧೂಳು” ಎಂದ. ಆದರೂ ಏಳಲಿಲ್ಲ.

ಸೂರ್ಯ ಕಡಲಿನಿಂದ ಗೇಣುದ್ದ ಮೇಲಿದ್ದ. ಡೇರೆಯ ಹಿಂದೆ ಭಾರ ಎತ್ತುವ, ಏತದಂಥ ಒಂದು ಮರದ ತೊಲೆಯಿತ್ತು. ನಿಕಾನ್ ಬಂಗಾರದ ಬಣ್ಣದ ದೇವರ ಮುಖವಾಡ ತೊಟ್ಟು ತೊಲೆಯ ಒಂದು ತುದಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ. ಮೆಲಿಟಾ ಇನ್ನೊಂದು ತುದಿಯ ಹಗ್ಗ ಜಗ್ಗಿದಳು. ತೊಲೆ ಅಲುಗಲಿಲ್ಲ.

ಅವಳು ತೋಪಿನತ್ತ ತಿರುಗಿ ಕೂಗಿದಳು: “ಹಾಡು ಕೇಳೋಕೆ ನೂಕಾಡಿಕೊಂಡು ಬರ್ತಿದ್ರಲ್ಲ, ಈಗ ಹಗ್ಗ ಎಳೆಯೋಕೆ ಬನ್ರೋ!”

ರೊಟ್ಟಿ ಸುಡುವವನು ಮೊದಲು ಬಂದ. ಮೀನಿನ ಹೆಂಗಸರು ಬಂದರು. ಊರೇ ಬಂದು ಹಗ್ಗಕ್ಕೆ ಕೈ ಹಾಕಿತು.

ಡೇರೆಯ ನೆತ್ತಿಯ ಮೇಲೆ, ಸಂಜೆಬಿಸಿಲಲ್ಲಿ ಹೊಳೆಯುತ್ತ, ದೇವರು ಏರಿ ಬಂದ.

“ಮನುಷ್ಯನೇ, ನನ್ನ ಮೇಳ ಎಲ್ಲಿ?”

ಮಾಂತ್ರಿಕ ಬಟ್ಟೆಯನ್ನೂ ಮರೆತ, ಅಂಟನ್ನೂ ಮರೆತ. ಧಡಕ್ಕನೆ ಎದ್ದು ಕೈಮುಗಿದ. “ತಪ್ಪಾಯಿತು ಸ್ವಾಮಿ!”

“ಎದ್ದ! ಎದ್ದುಬಿಟ್ಟ!” ಎಂದು ಮೆಲಿಟಾ ಕುಣಿದಳು.

ಕಲ್ಲುಗಳು ಬಿರಿದವು. ಹದಿನಾಲ್ಕು ಕೊರಳು ಹಾಡನ್ನು ನಿಂತಲ್ಲಿಂದಲೇ ಎತ್ತಿಕೊಂಡವು. ತಂದೆ ತಲೆಯೆತ್ತಿ ನೋಡಿದ.

“ಸಾಲು ಬಿಟ್ಟು ಅಲ್ಲೇನು ಮಾಡ್ತಿದೀಯೋ?”

“ಹಾರಾಡ್ತಿದೀನಿ, ಅಪ್ಪ!”

ಅಂದಿನಿಂದ ಆ ರಾಜ್ಯದಲ್ಲಿ ಮೇಳದಿಂದ ಒಬ್ಬ ಮುಂದೆ ಬಂದು ಮಾತಾಡತೊಡಗಿದ. ಮುಂದೆ ಇಬ್ಬರಾದರು, ಮೂವರಾದರು. ಮಂತ್ರ ಕಳೆದುಕೊಂಡ ಡ್ರಾಕಸನಿಗೆ ಹಗ್ಗ ಎಳೆಯುವ ಕೆಲಸ ಸಿಕ್ಕಿತು. ತಾಯಿಯ ಪಾತ್ರ ಬಂದಾಗಲೆಲ್ಲ ಅವನ ಕಣ್ಣಿಗೆ ಧೂಳು ಬೀಳುತ್ತಿತ್ತು. ಊರು ಪ್ರತಿ ವಸಂತದಲ್ಲೂ ಆ ಮೆಟ್ಟಿಲ ಮೇಲೆ ಒಟ್ಟಿಗೆ ಅತ್ತು, ಒಟ್ಟಿಗೆ ನಕ್ಕು, ನೂರಾರು ವರ್ಷ ಸುಖವಾಗಿ ಬಾಳಿತು.