ಲಂಗರಿಲ್ಲದ ದೋಣಿ

ಸಂಜೆಯೊಳಗೆ ಅಮ್ಮನನ್ನು ದೊಡ್ಡ ಬಂದರಿನ ಆಸ್ಪತ್ರೆಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಕಾಲು ಉಳಿಯುವುದಿಲ್ಲ. ದ್ವೀಪದ ನರ್ಸ್ ಇಷ್ಟು ಹೇಳಿ, ಮುರಿದ ಕಾಲಿಗೆ ಪಟ್ಟಿ ಬಿಗಿದು, ಹಲಗೆಯ ಮೇಲೆ ಮಲಗಿಸಿ ದೋಣಿ ಹತ್ತಿಸಿದ್ದಳು. ಪಾದ ಆಗಲೇ ತಣ್ಣಗಾಗಿತ್ತು. ಚಿವುಟಿದರೂ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ.

ಚುಕ್ಕಾಣಿ ಹಿಡಿದ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಬಿದ್ದದ್ದು ಮೊನ್ನೆ. ತಮ್ಮ ಮಹಾಶಯ ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದುಕೊಂಡು, ದ್ವೀಪದ ಆಚೆ ದಂಡೆಯಲ್ಲಿದ್ದ ಅವಳಿಗೆ ಸುದ್ದಿ ಮುಟ್ಟಿಸಿದ್ದು ಈ ಬೆಳಿಗ್ಗೆ. ಎಂಜಿನ್ನನ್ನೂ ಅವನೇ ಬಿಚ್ಚಿ ರಿಪೇರಿಗೆ ಕೊಟ್ಟಿದ್ದ. ಉಳಿದದ್ದು ಹಾಯಿಯೊಂದೇ. ಅವಳು ಮಾತು ಬಿಟ್ಟಳು. ಅವನೂ ಮುಖ ಊದಿಸಿಕೊಂಡು ದೋಣಿಯ ಮುಂತುದಿಯಲ್ಲಿ ಕೂತ.

ಎರಡು ದ್ವೀಪಗಳ ನಡುವೆ ಕಡಲು ಹಸಿರಾಗಿ, ಹೊಳೆಯಂತೆ ಹರಿಯುತ್ತಿತ್ತು. ಎಡಕ್ಕೆ ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ಕಡಿದಾದ ಗುಡ್ಡ, ಬಲಕ್ಕೆ ಇಳಿತದಲ್ಲಿ ತಲೆ ಎತ್ತಿದ ಬಂಡೆಗಳ ಸಾಲು. ಸರಿಯಾಗಿ ಅಲ್ಲೇ ಗಾಳಿ ಸತ್ತಿತು.

ಸೆಳೆತ ದೋಣಿಯನ್ನು ಬಂಡೆಗಳತ್ತ ಎಳೆಯಿತು. ತಮ್ಮ ಲಂಗರು ಎತ್ತಿ ಎಸೆದ. ಹಗ್ಗ ಸರಸರ ಓಡಿತು. ಅದರ ತುದಿಯೂ ಓಡಿ ನೀರಿಗೆ ಬಿತ್ತು.

ಅವರ ದೋಣಿಯಲ್ಲಿ ಲಂಗರು ಎಸೆಯುವವರು ಒಬ್ಬರು, ಹಗ್ಗದ ತುದಿಯನ್ನು ಗೂಟಕ್ಕೆ ಕಟ್ಟುವವರು ಇನ್ನೊಬ್ಬರು. ಕೇಳಿಯೇ ಎಸೆಯಬೇಕು. ಕಟ್ಟಿರುತ್ತಾಳೆ ಎಂದು ಅವನು, ಕೇಳಿದಾಗ ಕಟ್ಟಿದರಾಯಿತು ಎಂದು ಅವಳು. ಇಬ್ಬರ ಬಿಗುಮಾನಕ್ಕೆ ಲಂಗರು ಕಡಲಿನ ಪಾಲಾಯಿತು.

“ಕೇಳೋಕೆ ಬಾಯಿಗೇನಾಗಿತ್ತೋ ನಿಂಗೆ?”

“ಕೇಳಿದ್ರೆ ಉತ್ತರ ಕೊಡ್ತಿದ್ಯಾ?”

“ನಿಮ್ಮಿಬ್ಬರ ಜಗಳಕ್ಕೆ ಬೆಂಕಿ ಬೀಳ. ಹುಟ್ಟು ಹಾಕಿ ಮೊದಲು,” ಎಂದಳು ಅಮ್ಮ.

ಹಾಕಿದರು. ಅಂಗೈ ಸುಲಿದು ರಕ್ತ ಬಂತು. ದೋಣಿಯ ಮಗ್ಗುಲು ಒಂದು ಬಂಡೆಗೆ ಉಜ್ಜಿ, ಕರ್ರೆಂದು ಕಿರುಚಿ ಆಚೆ ದಾಟಿತು. ಆಮೇಲೆ ಗಾಳಿ ಬಂತು.

ಬಂದರಿನಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಕಾವಲುಗಾರ ಸೀಟಿ ಊದಿದ. “ಒಳಗೆ ಜಾಗ ಇಲ್ಲ. ಹೊರಗೆ ಲಂಗರು ಹಾಕ್ಕೊಂಡು ಕಾಯಿರಿ.”

“ಲಂಗರಿಲ್ಲ. ಕಾಲು ಮುರಿದೋರಿದ್ದಾರೆ.”

“ರೂಲ್ಸ್ ಅಂದ್ರೆ ರೂಲ್ಸು.”

“ಅದನ್ನ ಉಪ್ಪು ಹಾಕ್ಕೊಂಡು ನೆಕ್ಕು,” ಎಂದು ಅಕ್ಕ ದೋಣಿಯನ್ನು ಒಳಗೇ ನುಗ್ಗಿಸಿದಳು.

ದಡದುದ್ದಕ್ಕೂ ಟ್ರಾಲರುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ತೀರ ಹೊರಗಿನದಕ್ಕೆ ದೋಣಿ ಕಟ್ಟಿದರೆ ಒಂದರಿಂದೊಂದಕ್ಕೆ ದಾಟಿ ದಡ ಸೇರಬಹುದು. ಆದರೆ ಹಾಯಿ ತಡವಾಗಿ ಇಳಿದರೆ ಡಿಕ್ಕಿ, ಬೇಗ ಇಳಿದರೆ ದೋಣಿ ಮುಟ್ಟುವುದೇ ಇಲ್ಲ. ಸಿಟ್ಟು ಎಷ್ಟೇ ಇರಲಿ, ಈಗ ಮಾತಾಡಲೇಬೇಕು.

“ಹಾಯಿ ಹಗ್ಗ ಹಿಡಿ.”

“ಹಿಡ್ದೆ.”

“ಇಳಿಸು.”

“ಇಳಿಸ್ದೆ. ಅಕ್ಕ, ಬಲಕ್ಕೆ. ಇನ್ನೂ ಬಲಕ್ಕೆ.”

ತಮ್ಮ ಹಗ್ಗ ಹಿಡಿದು ಟ್ರಾಲರಿಗೆ ಹಾರಿದ. ದೋಣಿ ಅದರ ಮಗ್ಗುಲನ್ನು ಉದ್ದಕ್ಕೂ ಗೀಚಿ ನಿಂತಿತು.

ಟ್ರಾಲರಿನ ಯಜಮಾನ ಓಡಿಬಂದ. “ಕಣ್ಣು ಕಾಣಲ್ವಾ? ಹೊಸ ಪೇಂಟು ಅದು.”

“ಮತ್ತೆ ಬಳ್ಕೋ. ನಮ್ಮಮ್ಮನಿಗೆ ಹೊಸ ಕಾಲು ಬರಲ್ಲ,” ಎಂದಳು ಅಕ್ಕ.

ಅವನು ಬಗ್ಗಿ ದೋಣಿಯೊಳಗೆ ನೋಡಿದ. ಗೊಣಗುತ್ತಲೇ ಇಳಿದು ಅಮ್ಮ ಮಲಗಿದ್ದ ಹಲಗೆಯ ಒಂದು ತುದಿಗೆ ಕೈ ಹಾಕಿದ. ಒಂದೊಂದು ಟ್ರಾಲರಿನಲ್ಲೂ ಬೈಗುಳ, ಒಂದೊಂದರಲ್ಲೂ ಇನ್ನೆರಡು ಕೈ.

ಆಸ್ಪತ್ರೆಯಲ್ಲಿ ಅಮ್ಮನನ್ನು ಒಳಗೆ ಒಯ್ದು ಬಾಗಿಲು ಮುಚ್ಚಿ ಬಹಳ ಹೊತ್ತಾಗಿತ್ತು. ಹೊರಗಿನ ಬೆಂಚಿನ ಮೇಲೆ ಅಕ್ಕ ತಮ್ಮ ಆ ತುದಿಗೊಬ್ಬರು ಈ ತುದಿಗೊಬ್ಬರು.

“ಕಾಲು ಹೋದ್ರೆ ನಿನ್ನ ಮುಖ ನೋಡಲ್ಲ.”

“ನೋಡ್ಬೇಡ,” ಎಂದ. ದನಿ ಒಡೆದಿತ್ತು.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ಕೂಗು ಕೇಳಿತು. “ಯಾವನೋ ಅವನು, ನನ್ನ ಮುರಿದ ಕಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದು?”

ಅಕ್ಕನ ಕೈ ತಮ್ಮನ ರಟ್ಟೆ ಹುಡುಕಿ ಹಿಡಿಯಿತು. “ಗೊತ್ತಾಯ್ತು ಕಣೋ ಅವಳಿಗೆ,” ಎಂದು ಅತ್ತಳು. ಒಳಗೆ ಅಮ್ಮ ಡಾಕ್ಟರ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಇಬ್ಬರೂ ಒಂದೇ ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡರು.