ಬಿಳಿ ಕಲ್ಲಿನ ಪರೀಕ್ಷೆ

“ಇನ್ನೊಂದು ಚಮಚ ಹಾಕಮ್ಮಾ! ಹೆದರಬ್ಯಾಡ!” ಎಂದಳು ಅಪೂರ್ವಾ.

ಅಮ್ಮ ಅರಿಶಿನದ ನೀರನ್ನು ಬಿಳಿ ಕಲ್ಲಿನ ಮೇಲೆ ಸುರಿದಳು. ಪಕ್ಕಕ್ಕೆ ಚಹಾ. ಅದರ ಪಕ್ಕಕ್ಕೆ ಉಪ್ಪಿನಕಾಯಿಯ ಎಣ್ಣೆ.

ಅದು ಯಾರದೋ ಅಡುಗೆಮನೆಯ ಕಟ್ಟೆಯಲ್ಲಿ ಸಿಂಕ್ ಕೂರಿಸಲು ಕೊಯ್ದು ತೆಗೆದ ಅಗಲವಾದ ತುಂಡು. ಮನೆಗೆ ಒಯ್ದು ಏನು ಬೇಕಾದರೂ ಚೆಲ್ಲಿ ನೋಡಿ, ಸಂಜೆ ಫೋನ್ ಮಾಡಿ ಎಂದು ಕಲ್ಲಿನ ಅಂಗಡಿಯ ಕೃಷ್ಣಪ್ರಸಾದ ಅಪ್ಪನ ಕೈಗೆ ಕೊಟ್ಟಿದ್ದರು.

ಎಂವಿಪಿ ಕಾಲೋನಿಯಲ್ಲಿ ಅವರು ಕೊಂಡ ಹೊಸ ಫ್ಲ್ಯಾಟಿನ ಅಡುಗೆಮನೆಗೆ ಇನ್ನೂ ಕಲ್ಲು ಕೂತಿರಲಿಲ್ಲ. ಅಮ್ಮನಿಗೆ ಬೂದು ಬೇಕು, ಅಪ್ಪನಿಗೆ ಕಂದು. ದಿನಾ ಅದೇ ಜಗಳ. ಕೊನೆಗೆ ಅಪ್ಪ, “ಸಾಕು! ಅಪ್ಪೂ ಹೇಳಿದ್ದೇ ಫೈನಲ್” ಎಂದುಬಿಟ್ಟಿದ್ದ.

ಅಪೂರ್ವಾಳ ಮಾತು ಫೈನಲ್ ಆದದ್ದು ಅದೇ ಮೊದಲು. ಅಪ್ಪನ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆದಾಗ, ವಿಜಯವಾಡ ಬಿಟ್ಟು ಈ ಊರಿಗೆ ಬರುತ್ತೀಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಸೈಕಲ್ ಲಾರಿ ಹತ್ತಿದ ಮೇಲೆ ಹೇಳಿದ್ದರು.

ಈಗ ಕೇಳಿದ್ದಾರಲ್ಲ! ಬಿಳಿಯೇ ಬೇಕು. ಗೆಳತಿ ಸಾಯಿಪ್ರಿಯಾಳ ಮನೆಯಲ್ಲಿರುವಂಥದ್ದೇ. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು.

ಅಮ್ಮ ಒದ್ದೆ ಬಟ್ಟೆಯಿಂದ ಕಲ್ಲು ಒರೆಸಿದಳು. ಅರಿಶಿನ ಹೋಯಿತು. ಚಹಾ ಹೋಯಿತು. ಎಣ್ಣೆಯೂ ಹೋಯಿತು.

“ಪಾಸ್!” ಎಂದು ಅಪೂರ್ವಾ ಕುಣಿದಳು.

“ಪಾಸ್ ಅಂತ. ದಿನಾ ಒರಸಾಕಿ ನಾನು.”

“ನಾನೂ ಒರಸ್ತೀನಮ್ಮಾ.”

“ಮೊದಲ ನಿನ್ನ ಟಿಫಿನ್ ಬಾಕ್ಸ್ ತೊಳಿ, ಆಮ್ಯಾಲೆ ಕಟ್ಟಿ ಒರಸೀಯಂತ.”

ಒಳಗೆ ಅಜ್ಜಿ ಜೋಳದ ಹಿಟ್ಟು ನಾದುತ್ತಿದ್ದಳು. ಅಜ್ಜಿ ರೊಟ್ಟಿ ಬಡಿಯುವುದು ಮಣೆಯ ಮೇಲಲ್ಲ, ನೇರವಾಗಿ ಕಟ್ಟೆಯ ಕಲ್ಲಿನ ಮೇಲೆ. ಹಿಟ್ಟು ಉದುರಿಸಿ, ಉಂಡೆ ಇಟ್ಟು, ಅಂಗೈಯಿಂದ ತಟ್ಟುತ್ತ ತಟ್ಟುತ್ತ ತಿರುಗಿಸಿದರೆ ರೊಟ್ಟಿ ತಾನೇ ಅಗಲವಾಗುತ್ತಿತ್ತು.

“ಅಜ್ಜೀ, ರೊಟ್ಟಿ ಟೆಸ್ಟ್ ಒಂದು ಉಳದದ. ಇದರ ಮ್ಯಾಲೆ ಬಡಿ!”

“ನಾಳೆ ಬಡೀತೀನಿ ಬಿಡವಾ.”

“ಸಂಜೀಕ ಫೋನ್ ಮಾಡಬೇಕಲ್ಲ! ಒಂದೇ ಒಂದು, ಪ್ಲೀಸ್.”

ಅಮ್ಮ ಬಿಳಿ ಕಲ್ಲನ್ನು ಎತ್ತಿ ತಂದು, ಬಾಡಿಗೆ ಮನೆಯ ಕಪ್ಪು ಕಟ್ಟೆಯ ಮೇಲಿಟ್ಟು, ಸಿಲಿಂಡರ್ ಬುಕ್ ಮಾಡಲು ಫೋನ್ ಹಿಡಿದು ಹೊರಗೆ ಹೋದಳು.

ಅಜ್ಜಿ ಹಿಟ್ಟು ಉದುರಿಸಿದಳು. ತಟ್ಟತೊಡಗಿದಳು. ಪಟ್ ಪಟ್ ಎನ್ನುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅಜ್ಜಿ ಬೆರಳಿನಿಂದ ಸುತ್ತಲೂ ಸವರಿ, ರೊಟ್ಟಿ ಎಲ್ಲಿಗೆ ಮುಗಿಯಿತು ಎಂದು ಹುಡುಕುತ್ತಿದ್ದಳು. ಒಂದು ಕಡೆ ದಪ್ಪ ಉಳಿಯಿತು. ಇನ್ನೊಂದು ಕಡೆ ತೀರಾ ತೆಳುವಾಗಿ ಹರಿಯಿತು.

ಅಪೂರ್ವಾ ಬೆರಗಾದಳು. ಅಜ್ಜಿಯ ರೊಟ್ಟಿ ಹರಿದದ್ದನ್ನು ಅವಳು ನೋಡಿಯೇ ಇರಲಿಲ್ಲ.

“ಹಿಟ್ಟಿನ ಜಿಗಿ ಕಡಿಮಿ ಆಗೇದ” ಎಂದಳು ಅಜ್ಜಿ. ಹರಿದದ್ದನ್ನೇ ಬೇಯಿಸಿ ಬುಟ್ಟಿಗೆ ಹಾಕಿದಳು. ಅದೇ ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡು ಪಕ್ಕದ ಕಪ್ಪು ಕಟ್ಟೆಗೆ ಸರಿದಳು. ಪಟಪಟಪಟ. ಎಲ್ಲೂ ನಿಲ್ಲಲಿಲ್ಲ. ದುಂಡನೆಯ ರೊಟ್ಟಿ.

ಹಿಟ್ಟು ಅದೇ. ಕೈಯೂ ಅದೇ.

ಅಪೂರ್ವಾ ಬಿಳಿ ಕಲ್ಲಿನ ಮೇಲೆ ಒಂದು ಚೂರು ಹಿಟ್ಟು ಇಟ್ಟು ಚಪ್ಪಟೆ ಮಾಡಿದಳು. ಕಣ್ಣನ್ನು ಅರ್ಧ ಮುಚ್ಚಿ, ಎಲ್ಲ ಮಸುಕಾಗುವಂತೆ ಮಾಡಿಕೊಂಡು ನೋಡಿದಳು. ಹಿಟ್ಟು ಕಲ್ಲಿನೊಳಗೆ ಮಾಯ! ಹಾಗೆಯೇ ಕಪ್ಪು ಕಟ್ಟೆಯತ್ತ ತಿರುಗಿದಳು. ಅಜ್ಜಿಯ ರೊಟ್ಟಿಯ ಅಂಚು ಅಷ್ಟು ಮಸುಕಿನಲ್ಲೂ ಎದ್ದು ಕಾಣುತ್ತಿತ್ತು.

ಅವಳು ಕಣ್ಣು ಬಿಟ್ಟಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

“ನಿಮ್ಮಪ್ಪನ ಮುಂದ ಹೇಳಬ್ಯಾಡ” ಎಂದಳು ಅಜ್ಜಿ ಮೆಲ್ಲಗೆ. “ಒಲಿ ಮುಂದ ನಿಲ್ಲಾಕ ಬಿಡೂದಿಲ್ಲ ಅಂವ.”

“ಡಾಕ್ಟರ್‌ಗೆ ಕಣ್ಣು ತೋರಸ್ತೀಯಾ ಮತ್ತ?”

“ತೋರಸ್ತೀನಿ. ನೀನೂ ಬಾ ಜೋಡಿ.”

ಸಂಜೆ ಅಪ್ಪ ಅಂಗಡಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. “ಕೃಷ್ಣಪ್ರಸಾದ್ ಗಾರು, ನಮ್ಮ ಮೇಡಮ್ ಮಾತಾಡ್ತಾರ ನೋಡ್ರಿ!”

“ಚೆಪ್ಪಮ್ಮಾ, ವೈಟೇ ಕದಾ?” ಹೇಳಮ್ಮಾ, ಬಿಳಿಯೇ ತಾನೇ ಎಂದು ಅವರು ತೆಲುಗಿನಲ್ಲಿ ಕೇಳಿದರು.

“ಕಾದು, ಅಲ್ಲ ಅಂಕುಲ್. ಬ್ಲಾಕ್. ಫುಲ್ ಬ್ಲಾಕ್, ಚುಕ್ಕಿ ಇರಬಾರದು” ಎಂದಳು ಅಪೂರ್ವಾ, ತೆಲುಗು ಕನ್ನಡ ಎರಡೂ ಕಲಸಿ.

ಅಮ್ಮ ಬಾಯಿ ತೆರೆದು ನಿಂತಳು. ಅಪ್ಪ ಫೋನ್ ಇಟ್ಟು ಹಣೆ ಚಚ್ಚಿಕೊಂಡ. “ವಾರದಿಂದ ಬಿಳಿ ಬಿಳಿ ಅಂತ ತಲಿ ತಿಂದೀ! ಸಾಯಿಪ್ರಿಯಾ ಏನಂತಾಳ ಈಗ?”

“ನಗ್ತಾಳ” ಎಂದಳು ಅಪೂರ್ವಾ. “ನಕ್ಕರ ನಗಲಿ. ಫೈನಲ್ ನಂದೇ ಹೌದಲ್ಲೋ?”

ಊಟಕ್ಕೆ ಕೂತರು. ಅಪ್ಪ ರೊಟ್ಟಿಯ ಬುಟ್ಟಿಗೆ ಕೈ ಚಾಚಿದ. ಅವನಿಗಿಂತ ಮೊದಲೇ ಅಪೂರ್ವಾ ಆ ಹರಿದ ರೊಟ್ಟಿಯನ್ನು ತನ್ನ ತಟ್ಟೆಗೆ ಎಳೆದುಕೊಂಡು, ಚೂರುಚೂರು ಮಾಡಿ ಪಲ್ಯದಲ್ಲಿ ಕಲಸಿಬಿಟ್ಟಳು.